ಕೆಂಚಿ ಅಲ್ಲಿ ಏನು ಹೇಳುತ್ತಿದ್ದಾಳೆ?

ಹುಣಸೂರು
14 ಫೆಬ್ರವರಿ 2024

ಪ್ರೀತಿಯ ಅನುಶ್ರೀ,

ಶನಿವಾರ ನಿನ್ನ ಸಿನಿಮಾ ಮುಗಿದ ಕೂಡಲೇ ನಾನು ಪಕ್ಕದ ಬಾಗಿಲಿನಿಂದ ಹೊರಟುಬಿಟ್ಟೆ. ನೀನು ಪರದೆಯ ಹತ್ತಿರ ನಿಂತು ಜನರ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದೆ. ನನ್ನನ್ನೇ ಎಂದು ಗೊತ್ತಿತ್ತು. ರಾವಂದೂರಿನ ಹೈಸ್ಕೂಲಿನಲ್ಲಿ ಮೂರು ವರ್ಷ ನಿನಗೆ ಕನ್ನಡ ಕಲಿಸಿದವಳು ನಾನು. ನೀನೇ ಫೋನು ಮಾಡಿ ಕರೆದಿದ್ದೆ. ಒಂದು ಮಾತೂ ಆಡದೆ ಹೋದದ್ದು ತಪ್ಪು. ಆದರೆ ನಿಂತಿದ್ದರೆ ‘ಚೆನ್ನಾಗಿದೆ’ ಅನ್ನಬೇಕಾಗುತ್ತಿತ್ತು. ಅದು ನನ್ನಿಂದ ಆಗುತ್ತಿರಲಿಲ್ಲ. ಮೊಬೈಲಿನಲ್ಲಿ ಬರೆದರೆ ಎರಡು ಸಾಲಿಗೆ ಮುಗಿಸಿಬಿಡುತ್ತೇನೆ, ನೀನೂ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ.

ನನಗೆ ನಿರಾಸೆಯಾಯಿತು, ಅನುಶ್ರೀ.

ನಾನೊಬ್ಬಳೇ ಬಂದಿರಲಿಲ್ಲ. ತಮ್ಮ ರಿಯಾಜ್ ಮರದ ಮಂಡಿಗೆ ಒಂದು ದಿನ ಬೀಗ ಹಾಕಿ ಕಾರು ತೆಗೆದಿದ್ದ. ಅವನ ಹೆಂಡತಿ ರುಬೀನಾ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನಮ್ಮ ಆಪಾ, ಅಂದರೆ ಅಕ್ಕ, ಪಾಠ ಹೇಳಿದ ಹುಡುಗಿ ಸಿನಿಮಾ ತೆಗೆದಿದ್ದಾಳೆ ಎಂದು ಬೀದಿಯಲ್ಲೆಲ್ಲ ಹೇಳಿ ಬಂದಿದ್ದಳು ಬೇರೆ. ‘ಬಿಸಿಲು ಸರಿದ ಜಾಗ’ ಎಂಬ ಹೆಸರು ಪರದೆ ಮೇಲೆ ಬಂದಾಗ ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಕೆಂಚಿ ಎಂಬ ಆ ಹೆಂಗಸು ಎದ್ದಳು. ಅಂಗಳ ಗುಡಿಸಿದಳು. ರಾಗಿ ಹಸನು ಮಾಡಿದಳು. ಒಲೆ ಹಚ್ಚಿದಳು. ಒಲೆ ಉರಿಯಿತು. ರಿಯಾಜ್ ಮೂರು ಸಲ ಆಚೆ ಹೋಗಿ ಬಂದ. ಮೂರನೆಯ ಸಲ ಬಂದಾಗಲೂ ಅದೇ ಒಲೆ ಇತ್ತು. ರುಬೀನಾ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಸುತ್ತ ಕೂತ ನಿನ್ನ ಮೈಸೂರಿನವರು ಗಲ್ಲಕ್ಕೆ ಕೈ ಕೊಟ್ಟು ಬಹಳ ಗಂಭೀರವಾಗಿ ನೋಡುತ್ತಿದ್ದರು. ಅವರಿಗೆ ಕಂಡದ್ದು ನನಗೆ ಯಾಕೆ ಕಾಣುತ್ತಿಲ್ಲ ಎಂದು ಕನ್ನಡಕ ಒರೆಸಿಕೊಂಡೆ.

ಒಂದು ವಿಷಯ ಮಾತ್ರ ನಾಲ್ಕು ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಆ ಹೆಂಗಸು ಬಾಗಿಲ ಮುಂದೆ ಕೂತು ದಾರಿ ನೋಡುವ ದೃಶ್ಯ ಇದೆಯಲ್ಲ, ಕಾಲು ಗಂಟೆಯಾದರೂ ಇತ್ತು ಅನ್ನಿಸಿದ್ದು, ಅದರಲ್ಲಿ ನೀರು ಹರಿಯುವ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಆದರೆ ಅವಳ ತುಟಿ ಆಡುತ್ತಿದೆ. ಗೊಣಗುವವರ ತುಟಿ ಹಾಗಿರುವುದಿಲ್ಲ. ಅವಳು ಯಾರಿಗೋ ಹೇಳುತ್ತಿದ್ದಾಳೆ. ನಿಲ್ಲಿಸುತ್ತಾಳೆ, ಮತ್ತೆ ಹೇಳುತ್ತಾಳೆ. ಕೆಂಚಿ ಅಲ್ಲಿ ಏನು ಹೇಳುತ್ತಿದ್ದಾಳೆ?

ಗೊತ್ತಿದ್ದರೆ ಬರೆ. ಕೋಪ ಬಂದಿದ್ದರೆ ಅದನ್ನೂ ಬರೆ.

ನಿನ್ನ ಮೇಡಂ,
ಅಕ್ತರುನ್ನೀಸಾ


ಮೈಸೂರು
2 ಮಾರ್ಚ್ 2024

ಮೇಡಂ,

ನಮಸ್ಕಾರ. ನಿಮ್ಮ ಪತ್ರಕ್ಕೆ ಅವತ್ತೇ ಉತ್ತರ ಬರೆದೆ. ಹರಿದು ಹಾಕಿದೆ. ಇದು ನಾಲ್ಕನೆಯದು.

ಕೋಪ ಬಂದಿದೆ. ರುಬೀನಾ ಆಂಟಿ ನಿದ್ದೆ ಹೋದದ್ದಕ್ಕಲ್ಲ. ಬಹಳ ಜನ ಹೋಗುತ್ತಾರೆ, ಅಭ್ಯಾಸವಾಗಿದೆ. ನಿಮಗೆ ನೆನಪಿದೆಯೋ ಇಲ್ಲವೋ, ಒಂಬತ್ತನೇ ಕ್ಲಾಸಿನಲ್ಲಿ ನಮ್ಮೂರ ಕೆರೆಯ ಮೇಲೆ ಹನ್ನೊಂದು ಪುಟದ ಪ್ರಬಂಧ ಬರೆದಿದ್ದೆ. ನೀವು ಕೆಂಪು ಶಾಯಿಯಲ್ಲಿ ಹೊಡೆದು ಹೊಡೆದು ಒಂದು ಪುಟ ಉಳಿಸಿದಿರಿ. ಎಲ್ಲ ಮಕ್ಕಳ ಎದುರಿಗೆ ಅದನ್ನು ಓದಿಸಿದಿರಿ. ಹೇಳದೆ ಬಿಟ್ಟದ್ದು ಓದುವವರಿಗೆ ಸೇರಿದ್ದು ಅಂದಿರಿ. ಅವತ್ತು ಮನೆಗೆ ಹೋಗಿ ಅತ್ತೆ. ಆಮೇಲೆ ಆ ಒಂದು ಪುಟವನ್ನು ಅಪ್ಪ ತಂಬಾಕು ಒಣಗಿಸುವ ಬ್ಯಾರನ್ನಿನ ಗೋಡೆಗೆ ಅಂಟಿಸಿದೆ. ಈ ಸಿನಿಮಾದಲ್ಲಿ ನಾನು ಮಾಡಿದ್ದು ಅಷ್ಟೇ. ಕೆಂಪು ಶಾಯಿ ಹಿಡಿದು ಕೂತೆ. ಅದು ನಿಮಗೇ ಹಿಡಿಸಲಿಲ್ಲ.

ಆ ದೃಶ್ಯ ಕಾಲು ಗಂಟೆಯಲ್ಲ, ಒಂಬತ್ತು ನಿಮಿಷ.

ಕೆಂಚಿ ಅಜ್ಜಿ ನಟಿಯಲ್ಲ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆ ದಾಟಿದ ಮೇಲೆ ಕಾಡಂಚಿನ ಒಂದು ಜೇನುಕುರುಬರ ಹಾಡಿಯಲ್ಲಿ ಇದ್ದಾರೆ. ಹೋದ ವರ್ಷ ಜನವರಿಯಲ್ಲಿ ಹದಿನೆಂಟು ದಿನ ಅವರ ಮನೆಯ ಮುಂದೆಯೇ ಚಿತ್ರೀಕರಣ. ದಿನಾ ಕೂರುವ ಹಾಗೆ ಕೂತುಕೊಳ್ಳಿ, ದಾರಿ ನೋಡಿ ಎಂದಷ್ಟೇ ಹೇಳಿದ್ದೆ. ಅವರು ಮಾತಾಡತೊಡಗಿದರು. ಬೇಡವೆಂದರೂ ನಿಲ್ಲಿಸಲಿಲ್ಲ. ಆದರೆ ಆ ಮುಖದಲ್ಲಿ ಏನೋ ಇತ್ತು ಮೇಡಂ, ಕ್ಯಾಮೆರಾ ನಿಲ್ಲಿಸಲು ಮನಸ್ಸಾಗಲಿಲ್ಲ. ಹೇಗೂ ನನಗೆ ತೊರೆಯ ಸದ್ದು ಮಾತ್ರ ಬೇಕಿತ್ತು, ಧ್ವನಿ ಹಿಡಿಯುವ ಅರುಣ ಮೈಕನ್ನು ಅಲ್ಲೇ ಇಟ್ಟಿದ್ದ. ಏನು ಹೇಳಿದರೋ ನನಗೆ ಗೊತ್ತಿಲ್ಲ. ಅವರವರೇ ಮಾತಾಡಿಕೊಳ್ಳುವಾಗಿನ ಭಾಷೆ ನನಗೆ ತಿಳಿಯುವುದಿಲ್ಲ. ನಾನು ಕೇಳಲೂ ಇಲ್ಲ. ಗೊತ್ತಾದರೆ ಆ ಮುಖ ಚಿಕ್ಕದಾಗುತ್ತದೆ ಅನ್ನಿಸಿತು.

ಹಾಗೆ ಅನ್ನಿಸಿದ್ದು ತಪ್ಪೇ?

ಅನುಶ್ರೀ


ಹುಣಸೂರು
28 ಮಾರ್ಚ್ 2024

ಅನುಶ್ರೀ,

ಆ ಪ್ರಬಂಧ ನೆನಪಿದೆ. ಆದರೆ ನಾನು ಹೊಡೆದು ಹಾಕಿದ್ದು ನಿನ್ನ ಮಾತನ್ನು, ಇನ್ನೊಬ್ಬರ ಮಾತನ್ನಲ್ಲ. ಅದಕ್ಕಿಂತ ಹೆಚ್ಚು ಇವತ್ತು ವಾದಿಸುವುದಿಲ್ಲ. ಹೇಳಬೇಕಾದದ್ದು ಬೇರೆ ಇದೆ.

ನೀನು ‘ಕೇಳಲಿಲ್ಲ’ ಎಂದು ಬರೆದದ್ದು ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ನೌಕರಿಯ ಮೊದಲ ನಾಲ್ಕು ವರ್ಷ ನಾನು ಕೋಟೆ ಕಡೆ ಹಾಡಿ ಮಕ್ಕಳ ಆಶ್ರಮ ಶಾಲೆಯಲ್ಲಿದ್ದೆ. ಅದು ನಿನಗೆ ಗೊತ್ತಿರಲಿಕ್ಕಿಲ್ಲ. ಅವರ ಮಾತು ಅಷ್ಟಿಷ್ಟು ಕಿವಿಗೆ ಉಳಿದಿದೆ. ಮೊನ್ನೆ ಮಂಗಳವಾರ ರಿಯಾಜ್‌ನನ್ನು ಹೊರಡಿಸಿದೆ. ಉಪವಾಸ ಇಟ್ಟುಕೊಂಡು ಬಿಸಿಲಲ್ಲಿ ಎಲ್ಲಿಗೆ ಆಪಾ ಎಂದು ಹುಣಸೂರು ದಾಟುವವರೆಗೂ ಗೊಣಗಿದ.

ಕೆಂಚಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎರಡು ಗಂಟೆ ನೋಡಿದ ಅಂಗಳ, ಕಣ್ಣು ಮುಚ್ಚಿಕೊಂಡು ಗುರುತು ಹಿಡಿದೆ. ಅವಳು ಸಿನಿಮಾದಲ್ಲಿ ಕಾಣುವುದಕ್ಕಿಂತ ಗಿಡ್ಡ, ಬಹಳ ಚುರುಕು. ನಾನು ಟೀಚರು, ಸಿನಿಮಾ ತೆಗೆದ ಹುಡುಗಿಗೆ ಪಾಠ ಹೇಳಿದವಳು ಎಂದೆ. ಚಾಪೆ ಹಾಸಿದಳು, ಟೀ ಇಟ್ಟಳು. ರೋಜಾ ಇದ್ದೇನೆ, ಹೊತ್ತು ಮುಳುಗುವವರೆಗೆ ನೀರೂ ಕುಡಿಯುವಂತಿಲ್ಲ ಎಂದಾಗ ಒಲೆಯ ಮೇಲಿನ ಪಾತ್ರೆ ಇಳಿಸಿ, ಹಾಗಾದರೆ ನನಗೂ ಬೇಡ ಅಂದಳು. ರಿಯಾಜ್ ತಾನೂ ಉಪವಾಸ ಎಂದು ಮರದ ನೆರಳಿಗೆ ಹೋಗಿ ಮಲಗಿದ.

ಸಿನಿಮಾ ಬಂತಾ ಎಂದು ಅವಳೇ ಕೇಳಿದಳು. ಬಂತು, ಮೈಸೂರಿನಲ್ಲಿ ನೋಡಿದೆ, ಬೇರೆ ದೇಶಕ್ಕೂ ಹೋಗಿ ಬಂತಂತೆ ಎಂದೆ. ಆಗ ಅವಳ ಮುಖ ಇಳಿದುಹೋಯಿತು. ಅಷ್ಟು ದೂರ ಹೋಗಿ ಬಂದರೂ ಅವಳು ಬರಲಿಲ್ಲವಲ್ಲ ಅಂದಳು.

ಯಾರು ಎಂದು ಕೇಳಿದೆ. ಕತೆ ಹೊರಬರಲು ಮಧ್ಯಾಹ್ನ ಪೂರ್ತಿ ಬೇಕಾಯಿತು. ಸುದ್ದಿಯ ಹಾಗೆ ಬರೆಯುತ್ತೇನೆ.

ಅವಳಿಗೆ ಒಬ್ಬಳೇ ಮಗಳು, ಸವಿತಾ. ಆರು ವರ್ಷದ ಹಿಂದೆ ಕೆಂಚಿಯ ಗಂಡ ಜೋಗಯ್ಯ ಕಾಯಿಲೆ ಬಿದ್ದ. ಜ್ವರ, ಕಣ್ಣು ಹಳದಿ. ಕೆಂಚಿ ಬೇರು ಸೊಪ್ಪು ಅರೆದು ಕುಡಿಸುತ್ತ ಹನ್ನೊಂದು ದಿನ ಮನೆಯಲ್ಲೇ ಇಟ್ಟುಕೊಂಡಳು; ಗಂಡನ ಮನೆಯಲ್ಲಿದ್ದ ಮಗಳಿಗೂ ಹೇಳಿ ಕಳಿಸಲಿಲ್ಲ. ಹೇಗೋ ತಿಳಿದು ಓಡಿ ಬಂದ ಸವಿತಾ ಅಪ್ಪನನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು; ಕೆಂಚಿಯೂ ಜೀಪು ಹತ್ತಿದಳು. ಮಾರನೇ ದಿನ ಅವನು ಅಲ್ಲೇ ತೀರಿಕೊಂಡ. ಹೆಣ ಹಾಡಿಗೆ ಬಂದಾಗ ನೆಂಟರೆಲ್ಲ ಸೇರಿದ್ದರು. ಅವರೆಲ್ಲರ ಎದುರಿಗೆ ಕೆಂಚಿ ಮಗಳಿಗೆ, ಮನೇಲಿದ್ರೆ ಬದುಕ್ತಿದ್ದ, ನೀನು ತಕ್ಕೊಂಡೋಗಿ ಕೊಂದೆ ಅಂದಳು. ಸವಿತಾ ಮಣ್ಣು ಮಾಡುವವರೆಗೂ ಇದ್ದು ಹೊರಟುಹೋದಳು. ಗಂಡನ ಹಾಡಿಗೂ ಹೋಗಲಿಲ್ಲ. ಕೊಡಗಿನ ಯಾವುದೋ ಕಾಫಿ ತೋಟದಲ್ಲಿ ಕೂಲಿಯವರ ಸಾಲುಮನೆ ಲೈನಿನಲ್ಲಿದ್ದಾಳೆ ಎಂದು ಯಾರೋ ಹೇಳಿದ್ದು ಬಿಟ್ಟರೆ ಸುದ್ದಿಯಿಲ್ಲ.

ಹೆಣ ಕೊಡುವಾಗ ಡಾಕ್ಟರು ಒಂದು ವಾರ ಮುಂಚೆ ಯಾಕೆ ಕರೆತರಲಿಲ್ಲ ಎಂದು ಕೇಳಿದ್ದರಂತೆ. ಕೇಳಿದ್ದು ಕೆಂಚಿಯನ್ನೇ. ಅದು ಅವಳಿಗೆ ಮಾತ್ರ ಗೊತ್ತಿತ್ತು. ಐದು ವರ್ಷ ಯಾರಿಗೂ ಹೇಳಿರಲಿಲ್ಲ.

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: “ಸಿನ್ಮಾ ಎಲ್ಲಾ ಊರ್ಗೂ ಓಯ್ತದೆ, ಪಾರಿನ್‌ಗೂ ಓಯ್ತದೆ ಅಂತ ಆ ಹುಡ್ಗಿ ಅಂದ್ಲು. ಅಂಗಾರೆ ಕೊಡಗ್ಗೆ ಓಗಾಕಿಲ್ವಾ ಅಂದ್ಕಂಡೆ. ಎಲ್ರ ಮುಂದ್ಗಡೆ ಬಯ್ದಿದ್ದೆ ಕಣವ್ವ. ಎಲ್ರಿಗೂ ಕೇಳೋ ಅಂಗೇ ಯೋಳ್ಬೇಕಿತ್ತು. ಅದ್ಕೇ ಅದ್ರಾಗ್ ಯೋಳ್ದೆ.”

ಅವಳ ದನಿ ಸಿನಿಮಾದಲ್ಲಿ ಇಲ್ಲ ಎಂದು ನಾನು ಹೇಳಬೇಕಾಯಿತು, ಅನುಶ್ರೀ. ಮೊದಲು ಅರ್ಥವಾಗಲಿಲ್ಲ. ನೀರಿನ ಸದ್ದು ಮಾತ್ರ ಕೇಳುತ್ತದೆ ಎಂದೆ. ಅವಳು ತೊರೆಯ ಕಡೆ ತಿರುಗಿ ನೋಡಿದಳು. ಇನ್ನೊಂದು ಸಲ ಹೇಳುತ್ತೀಯಾ, ನಾನು ಬರೆದುಕೊಳ್ಳುತ್ತೇನೆ ಎಂದೆ. ತಲೆಯಾಡಿಸಿದಳು. “ಒಂದ್ಸಲ ಯೋಳಿದ್ದಾಯ್ತು. ಅದು ಬಾಯ್ಗೆ ಎರಡ್ನೇ ಸಲ ಬರಾಕಿಲ್ಲ.”

ನಿನ್ನನ್ನು ಬಯ್ಯಲು ಬರೆಯುತ್ತಿಲ್ಲ. ಆ ದನಿ ಎಲ್ಲಾದರೂ ಉಳಿದಿದೆಯೇ?

ಅಕ್ತರುನ್ನೀಸಾ


ಮೈಸೂರು
1 ಏಪ್ರಿಲ್ 2024

ಮೇಡಂ,

ಅರುಣನನ್ನು ಕೇಳಿದೆ. ಅವನ ಮೈಕು ತೊರೆಯ ಹತ್ತಿರ ನಲವತ್ತು ಅಡಿ ದೂರದಲ್ಲಿತ್ತು. ಅದರಲ್ಲಿ ನೀರು ಮಾತ್ರ ಇದೆ.

ಹುಡುಕುತ್ತಿದ್ದೇನೆ. ಸದ್ಯಕ್ಕೆ ಇಷ್ಟೇ ಬರೆಯಲು ಆಗುವುದು.

ಅನುಶ್ರೀ


ಮೈಸೂರು
20 ಏಪ್ರಿಲ್ 2024

ಮೇಡಂ,

ಈದ್ ಮುಬಾರಕ್, ತಡವಾಗಿ.

ಸಿಕ್ಕಿತು. ಕ್ಯಾಮೆರಾದ ಒಳಗೇ ಒಂದು ಚಿಕ್ಕ ಮೈಕ್ ಇರುತ್ತದೆ. ಅದರ ಧ್ವನಿಯನ್ನು ಯಾರೂ ಬಳಸುವುದಿಲ್ಲ; ಚಿತ್ರಕ್ಕೂ ನಿಜವಾದ ಧ್ವನಿಗೂ ತಾಳೆ ಹಾಕುವಾಗ ಗುರುತಿಗೆ ಇರಲಿ ಎಂದು ಬಿಟ್ಟಿರುತ್ತೇವೆ, ಆಮೇಲೆ ಮರೆತುಬಿಡುತ್ತೇವೆ. ಹಳೆಯ ಹಾರ್ಡ್ ಡಿಸ್ಕ್ ಒಂದು ಕೆಟ್ಟಿತ್ತು, ಅದನ್ನು ರಿಪೇರಿ ಮಾಡಿಸಲು ಇಷ್ಟು ದಿನ ಹಿಡಿಯಿತು. ದನಿ ಸಣ್ಣದು, ಮೇಲೆ ಗಾಳಿಯ ಸದ್ದು. ಆದರೆ ಇದೆ. ಒಂಬತ್ತು ನಿಮಿಷವೂ ಇದೆ. ಅರುಣ ಎರಡು ದಿನ ಕೂತು ಆದಷ್ಟು ತಿಳಿಯಾಗಿಸಿದ್ದಾನೆ. ಪೆನ್‌ಡ್ರೈವ್ ಈ ಲಕೋಟೆಯಲ್ಲೇ ಇದೆ, ರಿಯಾಜ್ ಅಂಕಲ್ ಕಂಪ್ಯೂಟರಿನಲ್ಲಿ ಹಾಕಿಕೊಡುತ್ತಾರೆ.

ನನಗೆ ಅರ್ಥವಾದದ್ದು ಕಡಿಮೆ. ‘ಸವಿತಾ’ ಎನ್ನುವುದು ಏಳು ಸಲ ಬರುತ್ತದೆ. ನಾನು ತಿಂಗಳುಗಟ್ಟಲೆ ಎಡಿಟಿಂಗ್ ಟೇಬಲ್ಲಿನ ಮೇಲೆ ಆ ತುಟಿಗಳನ್ನು ನೋಡಿದ್ದೇನೆ, ಮೇಡಂ. ಅದೊಂದು ಹೆಸರು ಎಂದು ಹೊಳೆದಿರಲಿಲ್ಲ.

ಇನ್ನೊಂದು ದನಿಯೂ ಅದರಲ್ಲಿದೆ. ಅದು ಚೆನ್ನಾಗಿ ಅರ್ಥವಾಗುತ್ತದೆ, ಯಾಕೆಂದರೆ ನನ್ನದು. ಮೊದಲ ನಿಮಿಷದಲ್ಲಿ, ‘ಅಜ್ಜಿ, ಮಾತಾಡ್ಬೇಡಿ’. ಮೂರನೆಯದರಲ್ಲಿ ಇನ್ನೊಮ್ಮೆ. ಆಮೇಲೆ ಅರುಣನಿಗೆ ಪಿಸುಮಾತಿನಲ್ಲಿ, ‘ಪರವಾಗಿಲ್ಲ ಬಿಡು, ಸೌಂಡ್ ತೆಗೆದ್ರಾಯ್ತು’. ಅವರು ಹೇಳುತ್ತಲೇ ಇದ್ದಾರೆ.

ಅವರು ಕ್ಯಾಮೆರಾಕ್ಕೆ ಹೇಳಿದ್ದನ್ನು ಕ್ಯಾಮೆರಾ ಕೇಳಿಸಿಕೊಂಡಿತ್ತು. ಇಷ್ಟು ಬರೆದು ಓದಿದಾಗ ಇದೂ ಒಂದು ಚಂದದ ವಾಕ್ಯವಾಯಿತಲ್ಲ ಎಂದು ನನ್ನ ಮೇಲೇ ಬೇಸರವಾಯಿತು. ಹೊಡೆದುಹಾಕಿಬಿಡಿ.

ಈಗ ಏನು ಮಾಡಬೇಕು ಹೇಳಿ. ಸಿನಿಮಾಕ್ಕೆ ಆ ದನಿ ಸೇರಿಸಿ ಮತ್ತೆ ತೋರಿಸಬಹುದು. ಅದು ಸರಿಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ.

ಅನುಶ್ರೀ


ಹುಣಸೂರು
5 ಮೇ 2024

ಪ್ರೀತಿಯ ಅನುಶ್ರೀ,

ಕೇಳಿದೆ. ರುಬೀನಾ ಫ್ಯಾನು ಆರಿಸಿ, ಬಾಗಿಲು ಹಾಕಿ ಕಾವಲು ಕೂತಳು. ಆರೇಳು ಸಲ ಕೇಳಿದ ಮೇಲೆ ಹೆಚ್ಚು ಕಡಿಮೆ ಎಲ್ಲ ತಿಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲು ಕೇಳಬೇಕಾದವಳು ನಾನಲ್ಲ ಎಂದು ಕೇಳುತ್ತಿರುವಾಗಲೇ ಅನ್ನಿಸಿತು. ಹನ್ನೊಂದು ದಿನದ ಲೆಕ್ಕವನ್ನು ಅವಳು ಒಂದೊಂದಾಗಿ ಒಪ್ಪಿಸುತ್ತಾಳೆ, ಮೊದಲನೇ ದಿನ ಏನು ಕುಡಿಸಿದೆ, ಎರಡನೇ ದಿನ ಏನು ಅಂತ. ಅಷ್ಟು ಹೇಳಿದರೆ ಸಾಕು.

ಸಿನಿಮಾಕ್ಕೆ ಸೇರಿಸುವ ಮಾತು ಕೆಂಚಿಯನ್ನೂ ಅವಳ ಮಗಳನ್ನೂ ಕೇಳಿ ಆಗಬೇಕಾದದ್ದು. ಕೆಂಚಿಯನ್ನು ನಾನು ಕೇಳಿ ಬಂದೆ. ಎಲ್ಲರೂ ಕೇಳಲಿ ಅಂದಳು. ದನಿ ಸಿಕ್ಕಿತು ಎಂದಾಗ ಕೂತಿದ್ದವಳು ಎದ್ದು ನಿಂತಳು.

ಇನ್ನು ಮಗಳು. ರಿಯಾಜ್‌ನ ಮಂಡಿಗೆ ಸಿಲ್ವರ್ ಓಕ್ ಬರುವುದು ಕೊಡಗಿನ ತೋಟಗಳಿಂದಲೇ. ವಿರಾಜಪೇಟೆ, ಸಿದ್ದಾಪುರದ ಕಡೆಯ ಲಾರಿಯವರು, ತೋಟದ ಲೆಕ್ಕ ಬರೆಯುವ ರೈಟರುಗಳು ಅವನಿಗೆ ಗೊತ್ತು. ನಿನ್ನ ಸಿನಿಮಾದಲ್ಲಿ ಮೂರು ಸಲ ಆಚೆ ಹೋಗಿ ಬಂದವನು ಈಗ ಊಟಕ್ಕೆ ಕೂತಾಗಲೂ ಫೋನು ಹಿಡಿದು, ಕೋಟೆ ಕಡೆಯ ಹಾಡಿಯ ಹೆಂಗಸು, ಸವಿತಾ ಅಂತ, ಮೂವತ್ತರ ಆಸುಪಾಸು ಎಂದು ವಿಚಾರಿಸುತ್ತಿದ್ದಾನೆ. ಆಪಾ, ಇದನ್ನು ತೆಗೆದಿದ್ದರೆ ಸಿನಿಮಾ ಆಗುತ್ತಿತ್ತು ಅನ್ನುತ್ತಾನೆ.

ಸಿಕ್ಕರೆ ನಾನು ಹೋಗುವುದಿಲ್ಲ. ನೀನು ಹೋಗಬೇಕು. ಅದನ್ನು ಹೇಳಲೇ ಈ ಕಾಗದ.

ನಿನ್ನ,
ಅಕ್ತರುನ್ನೀಸಾ ಮೇಡಂ


ರಾವಂದೂರು
9 ಜೂನ್ 2024

ಮೇಡಂ,

ಅಪ್ಪನ ಮನೆಯಿಂದ ಬರೆಯುತ್ತಿದ್ದೇನೆ. ಕೊಡಗಿನಿಂದ ಇಳಿದವಳು ಮೈಸೂರಿಗೆ ಹೋಗಲು ಮನಸ್ಸಾಗದೆ ಪಿರಿಯಾಪಟ್ಟಣದಲ್ಲೇ ಇಳಿದು ಇಲ್ಲಿಗೆ ಬಂದೆ. ಆರಂಭದಿಂದ ಹೇಳುತ್ತೇನೆ.

ರಿಯಾಜ್ ಅಂಕಲ್ ಕೊಟ್ಟ ವಿಳಾಸ ಸರಿಯಾಗಿತ್ತು. ಸಿದ್ದಾಪುರದಿಂದ ಒಳಗೆ, ತೋಟದ ಲೈನಿನಲ್ಲಿ ಕೊನೆಯ ಮನೆ. ಮಳೆ ಹಿಡಿದಿತ್ತು, ಕೆಲಸ ಬೇಗ ಬಿಟ್ಟಿದ್ದರು. ಬಾಗಿಲಲ್ಲಿ ಐದು ವರ್ಷದ ಒಂದು ಹೆಣ್ಣು ಮಗು ಕೂತು ಹಲಸಿನ ಬೀಜ ತಿನ್ನುತ್ತಿತ್ತು. ಸವಿತಾ ಹೊರಗೆ ಬಂದಾಗ ನಾನು ಯಾರೆಂದು ಹೇಳುವ ಅಗತ್ಯವೇ ಬೀಳಲಿಲ್ಲ. “ಸಿನ್ಮಾದೋರಾ?” ಅಂದರು. ಹಾಡಿಯಲ್ಲಿ ಚಿತ್ರೀಕರಣ ನಡೆದದ್ದು ಅವರಿಗೆ ಆಗಲೇ ತಿಳಿದಿತ್ತಂತೆ. ಅಮ್ಮ ಸಿನಿಮಾದಲ್ಲಿ ಇದ್ದಾಳೆಂದು ಕೇಳಿ ಯಾರದೋ ಮೊಬೈಲಿನಲ್ಲಿ ಅದರ ತುಣುಕೊಂದನ್ನೂ ನೋಡಿದ್ದರಂತೆ. ಒಲೆ ಉರಿಯುವುದು. ಇದೇನು ಸಿನಿಮಾ ಅನ್ನಿಸಿತಂತೆ.

ಏನು ತಂದಿದ್ದೇನೆ ಎಂದು ಹೇಳಿದೆ. ಹೇಗೆ ತೆಗೆದು ಹಾಕಿದ್ದೆ ಎಂಬುದನ್ನೂ ಹೇಳಿದೆ. ಮನೆಯಿಂದ ಹೊರಡುವಾಗ ಅಭ್ಯಾಸ ಮಾಡಿಕೊಂಡಿದ್ದ ವಾಕ್ಯಗಳು ಯಾವುವೂ ಬಾಯಿಗೆ ಬರಲಿಲ್ಲ. ಅವರು ಮಗುವನ್ನು ಪಕ್ಕದ ಮನೆಗೆ ಕಳಿಸಿ, ಇಯರ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತರು.

ನಾನು ಜಗಲಿಯಲ್ಲಿ ಕೂತೆ. ಒಂಬತ್ತು ನಿಮಿಷ. ಮೊಬೈಲು ಅವರ ಕೈಯಲ್ಲಿತ್ತು, ನೋಡಲು ನನಗೆ ಮಳೆ ಬಿಟ್ಟರೆ ಏನೂ ಇರಲಿಲ್ಲ. ಆ ದೃಶ್ಯ ಎಷ್ಟು ಉದ್ದ ಎಂದು ಮೊದಲ ಸಲ ನನಗೆ ತಿಳಿಯಿತು.

ಮುಗಿದ ಮೇಲೂ ಅವರು ತಿರುಗಲಿಲ್ಲ. ಹಾಗೇ ಕೂತು, ಇದು ಸಿನಿಮಾದಲ್ಲಿ ಇಲ್ಲವಾ ಎಂದು ಕೇಳಿದರು. ಇಲ್ಲ, ಅಜ್ಜಿ ಸೇರಿಸು ಅಂದಿದ್ದಾರೆ, ನೀವು ಒಪ್ಪಿದರೆ ಸೇರಿಸುತ್ತೇನೆ ಎಂದೆ. ಆಗ ಅವರು ಹೇಳಿದ್ದು: “ಬ್ಯಾಡ. ನೀವ್ ತೆಗ್ದಿದ್ದೇ ಒಳ್ಳೇದಾಯ್ತು ಬುಡಿ. ನಮ್ಮವ್ವ ಇಂಗೆ ಅಳೋದ್ನ ಪಾರಿನ್ನೋರು ಯಾಕ್ ಕೇಳ್ಬೇಕು?”

ನಾನು ಗೆದ್ದೆ ಎಂದು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ತೆಗೆದದ್ದು ಅವರಿಗಾಗಿ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರೇನೋ ಅಷ್ಟು ಹೇಳಿ ನನ್ನನ್ನು ಬಿಟ್ಟರು. ನನ್ನನ್ನು ನಾನು ಬಿಡಲು ಆಗಿಲ್ಲ.

ತಾಯಿಯ ಹತ್ತಿರ ಹೋಗುತ್ತೀರಾ ಎಂದು ಕೇಳಲು ಧೈರ್ಯ ಬರಲಿಲ್ಲ. ಹೊರಡುವಾಗ ಅವರೇ ಹಾಡಿಗೆ ಈಗ ಬಸ್ಸು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದರು. ಆಮೇಲೆ ಆ ಮಗು ಬಂದಿತು. ಹೆಸರೇನು ಎಂದೆ. ಜೋಗಮ್ಮ ಅಂದಿತು.

ನಿಮ್ಮ,
ಅನುಶ್ರೀ


ಹುಣಸೂರು
21 ಜುಲೈ 2024

ಪ್ರೀತಿಯ ಅನುಶ್ರೀ,

ಹಾಡಿಯಲ್ಲಿ ಸಿನಿಮಾ ತೋರಿಸುವ ದಿನ ನೀನು ಬರುತ್ತೀಯ ಎಂದುಕೊಂಡಿದ್ದೆ. ಅರುಣನೊಬ್ಬನೇ ಪ್ರೊಜೆಕ್ಟರ್ ಹೊತ್ತು ಬಸ್ಸಿಳಿದ. ಕಾರಣ ಕೇಳುವುದಿಲ್ಲ. ಬಾರದವಳಿಗೆ ಆದದ್ದನ್ನು ಹೇಳಬೇಕಲ್ಲ, ಹೇಳುತ್ತೇನೆ.

ಸವಿತಾ ಹೋದ ಭಾನುವಾರವೇ ಬಂದಿದ್ದಳಂತೆ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು. ತಾಯಿ ಮಗಳ ನಡುವೆ ಆಗ ಏನಾಯಿತೋ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯ ಶಿವನಂಜಮ್ಮನನ್ನು ಕೇಳಿದೆ. ಇಬ್ಬರೂ ಸೇರಿ ಮನೆಯ ಹುಲ್ಲು ಹೊದಿಕೆ ಸರಿಮಾಡುತ್ತಿದ್ದರು, ಮಳೆ ಸೋರುತ್ತಿತ್ತಲ್ಲ ಅಂದಳು. ಎರಡು ದಿನ ಅದೇ ಕೆಲಸವಂತೆ.

ಸಿನಿಮಾ ತೋರಿಸಿ ಎಂದು ಹೇಳಿ ಕಳಿಸಿದ್ದು ಕೆಂಚಿಯೇ. ನಿನ್ನೆ ಬೆಳಗ್ಗೆ ಹನ್ನೊಂದು ಗಂಟೆಗೆ ಹಾಡಿಯ ಸಮುದಾಯ ಭವನದಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಅರವತ್ತು ಜನ ಸೇರಿದ್ದರು. ರಿಯಾಜ್, ರುಬೀನಾ ಇಬ್ಬರೂ ಬಂದಿದ್ದರು, ಈ ಸಲ ರುಬೀನಾ ಎಚ್ಚರವಾಗಿದ್ದಳು. ಮಲಗಲು ಬಿಡುವವರಾದರೂ ಯಾರು? ಅಲ್ಲಿಯ ಜನ ನಿನ್ನ ಮೈಸೂರಿನವರ ಹಾಗೆ ಗಲ್ಲಕ್ಕೆ ಕೈ ಕೊಟ್ಟು ಕೂರುವುದಿಲ್ಲ. ಅಂಗಳ ಬಂದರೆ ಅದರಾಚೆಯ ಮರ ಯಾರದು ಎಂದು ಮಾತು. ಕೋಳಿ ಬಂದರೆ ಅದು ಯಾರ ಮನೆಯದು, ಈಗ ಇದೆಯೋ ಇಲ್ಲವೋ ಎಂದು ಜಗಳ. ಒಲೆಯ ದೃಶ್ಯದಲ್ಲಿ ಒಬ್ಬ ಮುದುಕ, ಆ ಸೌದೆ ಹಸಿ, ಹೊಗೆ ನೋಡಿ ಅಂದ. ಎಲ್ಲರೂ ಹೊಗೆ ನೋಡಿದರು. ನಾನೂ ನೋಡಿದೆ. ಮೈಸೂರಿನಲ್ಲಿ ನನಗೆ ಆ ಹೊಗೆ ಕಂಡಿರಲಿಲ್ಲ.

ಆಮೇಲೆ ಆ ದೃಶ್ಯ ಬಂತು. ಮಾತು ನಿಂತಿತು. ತೊರೆಯ ಸದ್ದು. ಅವಳ ತುಟಿ. ಒಂದೆರಡು ನಿಮಿಷ ನೋಡಿದ ಮೇಲೆ ಹಿಂದಿನಿಂದ ಶಿವನಂಜಮ್ಮ, ಏನಕ್ಕ ಅದು, ಯಾರ್ಗ್ ಯೋಳ್ತಾ ಇದ್ದೀಯ ಎಂದು ಕೇಳಿದಳು. ಕೆಂಚಿ ನನ್ನ ಮುಂದಿನ ಸಾಲಿನಲ್ಲಿದ್ದಳು, ಪಕ್ಕದಲ್ಲಿ ಸವಿತಾ, ತೊಡೆಯ ಮೇಲೆ ಮಗು. ಸವಿತಾ ತಿರುಗದೆಯೇ, ನನ್ನ ಉಣ್ಣಾಕ್ ಕರೀತಾವ್ಳೆ ಅಂದಳು. ಜನ ನಕ್ಕರು. ಅಲ್ಲಿಗೆ ಮುಗಿಯಬಹುದಿತ್ತು.

ಕೆಂಚಿ ಎದ್ದು ನಿಂತಳು. ಅವಳು ಗಿಡ್ಡ ಎಂದೆನಲ್ಲ, ಆದರೂ ಪರದೆಯ ಮೇಲೆ ಅವಳ ತಲೆಯ ನೆರಳು ಬಿತ್ತು. ಸವಿತಾ ಸೆರಗು ಹಿಡಿದು ಎಳೆದಳು, ಕೆಂಚಿ ಬಿಡಿಸಿಕೊಂಡಳು. ಎರಡನೇ ಸಲ ಬಾಯಿಗೆ ಬರುವುದಿಲ್ಲ ಎಂದು ನನಗೆ ಹೇಳಿದವಳು ಜನರ ಕಡೆ ತಿರುಗಿ ಹೇಳಿದಳು. ತಮ್ಮ ಮಾತಿನಲ್ಲೇ ಹೇಳಿದಳು, ನಿನಗಾಗಿ ನಾನು ನಮ್ಮ ಕಡೆಯ ಮಾತಿಗೆ ತರುತ್ತಿದ್ದೇನೆ: “ನನ್ ಗಂಡನ್ನ ಅನ್ನೊಂದ್ ದಿನ ಮನೇಲಿಕ್ಕಂಡೋಳು ನಾನು. ಮಗ್ಳಿಗ್ ಯೋಳಿ ಕಳುಸ್ದೆ ಇದ್ದೋಳೂ ನಾನೇ. ಅವ್ಳು ಬಂದು ಎತ್ಕಂಡೋದ್ಲು. ನಿಮ್ಮೆಲ್ರ ಮುಂದೆ ಅವ್ಳನ್ನ ಕೊಲೆಗಾತಿ ಅಂದೆ. ಅದು ಸುಳ್ಳು. ಡಾಕ್ಟ್ರು ನಂಗೆ ಯೋಳಿದ್ರು, ನಾನ್ ಯಾರ್ಗೂ ಯೋಳ್ನಿಲ್ಲ.”

ಅಷ್ಟೇ. ಕ್ಯಾಮೆರಾಕ್ಕೆ ಒಂಬತ್ತು ನಿಮಿಷ ಬೇಕಾದದ್ದು ಇಲ್ಲಿ ಅರ್ಧ ನಿಮಿಷಕ್ಕೆ ಮುಗಿಯಿತು. ಕೂತಳು. ಹೊಗೆಯ ಮುದುಕ ಬಂದು ಅವಳ ಪಕ್ಕದಲ್ಲಿ ಕೂತ. ಜೋಗಯ್ಯನ ಅಣ್ಣನಂತೆ ಅವನು, ಆಮೇಲೆ ತಿಳಿಯಿತು. ಸವಿತಾ ಮಗುವಿನ ತಲೆಯಲ್ಲಿ ಮುಖ ಇಟ್ಟುಕೊಂಡಿದ್ದಳು. ಅರುಣ ಪ್ರೊಜೆಕ್ಟರ್ ನಿಲ್ಲಿಸಬೇಕೋ ಬೇಡವೋ ತಿಳಿಯದೆ ನನ್ನನ್ನು ನೋಡಿದ. ನಾನು ಬೇಡವೆಂದೆ. ನಿನ್ನ ಸಿನಿಮಾ ಕೊನೆಯವರೆಗೂ ನಡೆಯಿತು, ಯಾರೂ ಎದ್ದು ಹೋಗಲಿಲ್ಲ. ನೋಡುತ್ತಿದ್ದರೋ ಇಲ್ಲವೋ ನಾನು ಹೇಳಲಾರೆ.

ನನ್ನ ಅಭಿಪ್ರಾಯ ಬದಲಾಯಿತೇ ಎಂದು ನೀನು ಕೇಳುವೆ. ಬದಲಾಗಿಲ್ಲ. ಸಿನಿಮಾ ಇನ್ನೂ ಉದ್ದವೇ. ಆದರೆ ಅಷ್ಟು ಉದ್ದ ಇಲ್ಲದಿದ್ದರೆ ಅವಳ ತುಟಿಯನ್ನು ನಾನು ನೋಡುತ್ತಿರಲಿಲ್ಲ, ಇದನ್ನೂ ಬರೆದುಬಿಡುತ್ತೇನೆ. ಎರಡನ್ನೂ ಹೇಗೆ ಹೊಂದಿಸಬೇಕೋ ನನಗೆ ತಿಳಿಯದು. ನಲವತ್ತು ವರ್ಷ ಮಕ್ಕಳ ಬರಹಕ್ಕೆ ಅಂಕ ಹಾಕಿದವಳಿಗೆ ಇದಕ್ಕೆ ಹಾಕಲು ಅಂಕ ಗೊತ್ತಾಗುತ್ತಿಲ್ಲ.

ಸವಿತಾ ಹದಿನೈದು ದಿನದ ರಜೆ ಹೇಳಿ ಬಂದಿದ್ದಳು, ಆದರೆ ತೋಟದಿಂದ ಬೇಗ ಬಾ ಎಂದು ಫೋನು ಬಂದಿತ್ತು. ಇವತ್ತು ಬೆಳಗಿನ ಬಸ್ಸಿಗೆ ಹೊರಟಳು. ದಾರಿಯಲ್ಲಿ ಹುಣಸೂರಿನಲ್ಲಿ ಬಸ್ಸು ಬದಲಿಸಬೇಕಲ್ಲ, ನಿಲ್ದಾಣಕ್ಕೆ ಹೋಗಿ ಕಂಡು ಬಂದೆ. ಮಳೆಗಾಲದಲ್ಲಿ ಅವಳು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳಲು ಜನವಿಲ್ಲ. ಬಾ ಎಂದು ತಾಯಿಯನ್ನು ಕೇಳಿದಳಂತೆ. ಕೆಂಚಿ ಜೊತೆಯಲ್ಲಿದ್ದಳು, ಒಂದು ಚೀಲ ರಾಗಿಹಿಟ್ಟು, ಒಂದು ಕಂಬಳಿ. ಹುಟ್ಟಿದ ಮೇಲೆ ಕೋಟೆ ತಾಲ್ಲೂಕು ದಾಟುತ್ತಿರುವುದು ಇದೇ ಮೊದಲಂತೆ. ಮಗು ಅವಳ ಕೈ ಹಿಡಿದುಕೊಂಡು, ಕೊಡಗಿನಲ್ಲಿ ಜಿಗಣೆ ಹೇಗೆ ಹತ್ತುತ್ತದೆ, ಹೇಗೆ ಕೀಳಬೇಕು ಎಂದು ಒಂದೇ ಸಮನೆ ಪಾಠ ಹೇಳುತ್ತಿತ್ತು. ಅವಳು ಬಹಳ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿದ್ದಳು.

ಬರುವ ಭಾನುವಾರ ನಾನು ಮನೆಯಲ್ಲೇ ಇರುತ್ತೇನೆ, ಅನುಶ್ರೀ. ರುಬೀನಾ ಏನಾದರೂ ಮಾಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಬಾ.

ನಿನ್ನ ದಾರಿ ನೋಡುವ,
ಅಕ್ತರುನ್ನೀಸಾ